ಅಂಗಡಿ ಖಾಲಿಯಾಗಲಿ ಎಂದು ಕಾಯುವವರಿಗೆ: ನಿಮಿರುವಿಕೆಯ ತೊಂದರೆಗೆ ಯಾರಿಗೆ ಯಾವ ಚಿಕಿತ್ಸೆ?

ಮಂಗಳೂರಿನ ಒಂದು ಮೆಡಿಕಲ್ ಅಂಗಡಿಯ ಕೌಂಟರ್ ಹಿಂದೆ ನಿಂತು ನನಗೆ 22 ವರ್ಷ ಆಯಿತು. ಕೆಲವು ಗಿರಾಕಿಗಳನ್ನು ಮೆಟ್ಟಿಲು ಹತ್ತುವಾಗಲೇ ಗುರುತಿಸಬಹುದು. ಮೊದಲು ಗಂಟಲು ಕೆರೆತಕ್ಕೆ ಒಂದು ಚೀಪುವ ಮಾತ್ರೆ ಕೇಳುತ್ತಾರೆ. ಆಮೇಲೆ ಗಾಯದ ಪಟ್ಟಿ. ಪಕ್ಕದಲ್ಲಿ ಹೆಂಗಸರು ಇದ್ದರೆ ಟೂತ್‌ಪೇಸ್ಟಿನ ಡಬ್ಬಿ ಎತ್ತಿಕೊಂಡು ಅದರ ಹಿಂದೆ ಬರೆದದ್ದನ್ನೆಲ್ಲ ಓದುತ್ತಾರೆ, ನಾಳೆ ಪರೀಕ್ಷೆ ಇದ್ದವರ ಹಾಗೆ. ಅಂಗಡಿ ಖಾಲಿಯಾದ ಮೇಲೆ ಸ್ವರ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ. "ಆ ಮಾತ್ರೆಯಲ್ಲಿ ಯಾವುದು ಸ್ಟ್ರಾಂಗ್ ಉಂಟು?"

ಪ್ರಶ್ನೆಯೇ ತಪ್ಪು ಮಾರಾಯ್ರೆ. ಬ್ಯಾಡಗಿ ಬೇಕೋ ಗುಂಟೂರು ಬೇಕೋ ಎಂದು ಖಾರ ನೋಡಿ ಆರಿಸಲಿಕ್ಕೆ ಇದೇನು ಮೆಣಸಲ್ಲ. ನಿಮ್ಮ ಹೃದಯ ಹೇಗಿದೆ, ಶುಗರ್ ಎಷ್ಟಿದೆ, ಈಗಾಗಲೇ ಯಾವ ಮಾತ್ರೆ ನುಂಗುತ್ತಿದ್ದೀರಿ, ಮನೆಯ ದಿನಚರಿ ಎಂಥದ್ದು, ಇದೆಲ್ಲ ನೋಡಿಯೇ ಚಿಕಿತ್ಸೆ ಆರಿಸಬೇಕು. ಕೆಲವರಿಗೆ ಮಾತ್ರೆಯೇ ಬೇಡ. ಕೆಲವರಿಗೆ ಮಾತ್ರೆ ಕೊಟ್ಟರೆ ಜೀವಕ್ಕೇ ಅಪಾಯ.

ನಾನು ಡಾಕ್ಟ್ರಲ್ಲ, ಡಿ.ಫಾರ್ಮ ಓದಿದವ. ಆದರೆ ಈ ವಿಷಯದಲ್ಲಿ ಜನ ಡಾಕ್ಟ್ರಿಗಿಂತ ಮೊದಲು ನಮ್ಮ ಹತ್ತಿರ ಬರುತ್ತಾರೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 46ನೇ ವಯಸ್ಸಿನಲ್ಲಿ ಈ ತೊಂದರೆ ನನಗೂ ಬಂತು. ಊರಿಗೆಲ್ಲ ಬುದ್ಧಿ ಹೇಳುವ ನಾನೇ ಆರು ತಿಂಗಳು ಸುಮ್ನೆ ಕೂತಿದ್ದೆ. ಕೊನೆಗೆ ಹೋದಾಗ ಗೊತ್ತಾದದ್ದು, ನನಗೆ ಶುಗರ್ ಇದೆ ಎಂದು. ಎಷ್ಟು ವರ್ಷದಿಂದ ಇತ್ತೋ ದೇವರಿಗೇ ಗೊತ್ತು.

ಪಂಪು, ಪೈಪು, ವಾಲ್ವು

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ತೋಟಕ್ಕೆ ನೀರು ಬಿಡಬೇಕಾದರೆ ಸ್ವಿಚ್ ಹಾಕಬೇಕು, ಪಂಪು ತಿರುಗಬೇಕು, ಪೈಪಿನಲ್ಲಿ ನೀರು ಹರಿಯಬೇಕು, ಕೊನೆಯ ವಾಲ್ವು ಮುಚ್ಚಿರಬೇಕು. ಇಲ್ಲಿಯೂ ಹಾಗೆಯೇ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಅಥವಾ ಸ್ಪರ್ಶವಾದಾಗ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುತ್ತವೆ. ಅದರಿಂದ ಶಿಶ್ನದ ಒಳಗಿನ ಸ್ನಾಯು ಸಡಿಲವಾಗುತ್ತದೆ, ರಕ್ತನಾಳ ಅಗಲವಾಗುತ್ತದೆ, ರಕ್ತ ತುಂಬುತ್ತದೆ. ತುಂಬಿದ ಒತ್ತಡಕ್ಕೆ ಹೊರಗೆ ಹೋಗುವ ನಾಳಗಳು ಅಮುಕಿ ಮುಚ್ಚಿಕೊಳ್ಳುತ್ತವೆ. ಅದೇ ನಿಮಿರುವಿಕೆ. ಸ್ವಿಚ್, ಪಂಪು, ಪೈಪು, ವಾಲ್ವು ಯಾವುದು ಕೆಟ್ಟರೂ ತೋಟಕ್ಕೆ ನೀರಿಲ್ಲ.

ತೋಟದಲ್ಲಿ ಮೊದಲು ಕಟ್ಟಿಕೊಳ್ಳುವ ಪೈಪು ಯಾವುದು? ದೊಡ್ಡ ಲೈನಲ್ಲ, ಬುಡಕ್ಕೆ ಹೋಗುವ ಸಪೂರ ಪೈಪು. ಶಿಶ್ನಕ್ಕೆ ಹೋಗುವ ರಕ್ತನಾಳದ ಅಗಲ 1-2 ಮಿಲಿಮೀಟರ್. ಹೃದಯದ ರಕ್ತನಾಳ 3-4 ಮಿಲಿಮೀಟರ್. ಕೊಬ್ಬು ಕಟ್ಟುವುದು ಎರಡರಲ್ಲೂ ಒಟ್ಟಿಗೇ. ಆದರೆ ಸಪೂರ ಪೈಪು ಮೊದಲು ತಕರಾರು ಎತ್ತುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ನಿಮಿರುವಿಕೆಯ ತೊಂದರೆ ಶುರುವಾಗಿ ಎರಡರಿಂದ ಐದು ವರ್ಷದ ಒಳಗೆ ಎದೆನೋವು, ಹಾರ್ಟ್ ಅಟ್ಯಾಕ್ ಕಾಣಿಸಿಕೊಳ್ಳುತ್ತದೆ. ಸ್ಟ್ರಾಂಗ್ ಮಾತ್ರೆ ಕೇಳಿ ಬಂದವರಿಗೆ ನಾನು "ಬಿಪಿ ನೋಡಿಸಿದ್ದೀರಾ?" ಎಂದು ಕೇಳುವುದು ಇದಕ್ಕೆ. ಅವರಿಗೆ ಸಿಟ್ಟು ಬರುತ್ತದೆ. ಬರಲಿ.

ಒಂದೆರಡು ಸಲ ಆಗಲಿಲ್ಲ ಎಂದರೆ ಅದು ರೋಗವಲ್ಲ. ಸುಸ್ತು, ಕುಡಿತ, ನಿದ್ದೆಗೆಟ್ಟದ್ದು, ಮನೆಯ ಜಗಳ, ಯಾವುದಕ್ಕೂ ಆಗಬಹುದು. ಮೂರು ತಿಂಗಳಿಗಿಂತ ಜಾಸ್ತಿ ಹೀಗೆಯೇ ನಡೆದರೆ ಮಾತ್ರ ಡಾಕ್ಟ್ರು ಅದನ್ನು ಇ.ಡಿ., ಅಂದರೆ ಇರೆಕ್ಟೈಲ್ ಡಿಸ್‌ಫಂಕ್ಷನ್ ಎನ್ನುತ್ತಾರೆ. (ಮನೆಗೆ ರೇಡ್ ಮಾಡುವ ಇ.ಡಿ. ಬೇರೆ.) ಇದೇನು ಅಪರೂಪದ್ದೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ನೂರಕ್ಕೆ 52 ಜನರಿಗೆ ಸ್ವಲ್ಪವೋ ಜಾಸ್ತಿಯೋ ಈ ತೊಂದರೆ ಇತ್ತು. ಶುಗರ್ ಇರುವವರಲ್ಲಿ ಇದು ಹತ್ತು-ಹದಿನೈದು ವರ್ಷ ಮೊದಲೇ ಬರುತ್ತದೆ.

ಬೇಗ ಮುಗಿದುಹೋಗುವುದು, ಅಂದರೆ ಶೀಘ್ರಸ್ಖಲನ, ಬೇರೆ ತೊಂದರೆ. ಆಸೆಯೇ ಇಲ್ಲದಿರುವುದು ಮತ್ತೊಂದು. ಕನಸಿನಲ್ಲಿ ವೀರ್ಯ ಹೋದದ್ದರಿಂದ ಶಕ್ತಿ ಹೋಯಿತು ಎನ್ನುವುದು ತೊಂದರೆಯೇ ಅಲ್ಲ, ಅದು ಬರೀ ಹೆದರಿಕೆ. ಈ ನಾಲ್ಕಕ್ಕೂ ಜನ ಒಂದೇ ಮಾತ್ರೆ ಕೇಳುತ್ತಾರೆ.

ಮನಸ್ಸೋ ದೇಹವೋ?

ಇದನ್ನು ಗೊತ್ತುಮಾಡಿಕೊಳ್ಳಲು ನಿಮಗೆ ನೀವೇ ಕೇಳಿಕೊಳ್ಳಬಹುದಾದ ಎರಡು ಪ್ರಶ್ನೆ ಉಂಟು. ಬೆಳಿಗ್ಗೆ ಎದ್ದಾಗ ನಿಮಿರಿರುತ್ತದೆಯೇ? ತೊಂದರೆ ದಿಢೀರ್ ಬಂತೋ, ನಿಧಾನ ಬಂತೋ?

ಬೆಳಿಗ್ಗೆ ಸರಿಯಾಗಿದ್ದು, ಒಬ್ಬರೇ ಇದ್ದಾಗಲೂ ಸರಿಯಾಗಿದ್ದು, ಹೆಂಡತಿ ಹತ್ತಿರ ಬಂದಾಗ ಮಾತ್ರ ಕೈಕೊಟ್ಟರೆ ಪೈಪು ಪಂಪು ಸರಿ ಇದೆ ಎಂದರ್ಥ. ಸ್ವಿಚ್ಚಿನಲ್ಲಿ ಏನೋ ಆಗಿದೆ. ನಮ್ಮ ಕರಾವಳಿಯಲ್ಲಿ ಇದರ ಒಂದು ನಮೂನೆಯನ್ನು ನಾನು ತುಂಬಾ ನೋಡಿದ್ದೇನೆ. ದುಬೈಯಲ್ಲೋ ಕುವೈತ್‌ನಲ್ಲೋ ಎರಡು ವರ್ಷ ದುಡಿದು ಒಂದು ತಿಂಗಳ ರಜೆಯಲ್ಲಿ ಬಂದವರು. ಮೊದಲ ವಾರ ನೆಂಟರ ಮನೆ, ಮದುವೆ, ಕೋಲ. ಕೊನೆಯ ವಾರ ಟಿಕೆಟಿನ ಚಿಂತೆ. ನಡುವಿನ ದಿನಗಳಲ್ಲಿ ಎಲ್ಲವೂ ಸರಿಯಾಗಲೇಬೇಕು ಎಂಬ ಒತ್ತಡ. ಒಮ್ಮೆ ಆಗಲಿಲ್ಲ ಎಂದರೆ ಮರುದಿನ "ಇವತ್ತೂ ಆಗದಿದ್ದರೆ?" ಎಂಬ ಹೆದರಿಕೆ. ಹೆದರಿದಾಗ ದೇಹ ಓಡಲಿಕ್ಕೆ ತಯಾರಾಗುತ್ತದೆಯೇ ಹೊರತು ಪ್ರೀತಿಗಲ್ಲ. ಆ ಹೆದರಿಕೆಯ ರಸಗಳೇ ರಕ್ತನಾಳವನ್ನು ಬಿಗಿ ಮಾಡುತ್ತವೆ.

ಬೆಳಿಗ್ಗೆಯೂ ಇಲ್ಲ, ಒಂದೆರಡು ವರ್ಷದಿಂದ ನಿಧಾನವಾಗಿ ಕಡಿಮೆಯಾಗುತ್ತಾ ಬಂತು ಎಂದರೆ ದೇಹದ ಕಡೆ ನೋಡಬೇಕು. ಶುಗರ್, ಬಿಪಿ, ಕೊಲೆಸ್ಟ್ರಾಲ್, ಬೀಡಿ-ಸಿಗರೇಟು, ಹೊಟ್ಟೆಯ ಬೊಜ್ಜು, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್. ಕೆಲವೊಮ್ಮೆ ನುಂಗುವ ಮಾತ್ರೆಯೇ ಕಾರಣ. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಅಟೆನಾಲಾಲ್‌ನಂಥ ಹಳೆಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟೆರೈಡ್. ಇದನ್ನು ಓದಿ ಬಿಪಿ ಮಾತ್ರೆ ನಿಲ್ಲಿಸಬೇಡಿ, ದಮ್ಮಯ್ಯ. ಡಾಕ್ಟ್ರಿಗೆ ಹೇಳಿದರೆ ಅವರು ಬೇರೆ ಮಾತ್ರೆಗೆ ಬದಲಿಸಬಹುದು. ನೆಬಿವೊಲಾಲ್‌ನಂಥ ಮಾತ್ರೆಯಿಂದ ಈ ತೊಂದರೆ ಕಡಿಮೆ.

ಎರಡೂ ಸೇರಿರುವವರೇ ಜಾಸ್ತಿ ಎಂದು ನನ್ನ ಲೆಕ್ಕ. ಶುಗರ್‌ನಿಂದ ಸ್ವಲ್ಪ ಕಡಿಮೆಯಾಗಿರುತ್ತದೆ, ಉಳಿದದ್ದನ್ನು ಹೆದರಿಕೆ ತಿಂದಿರುತ್ತದೆ. ನನ್ನದೂ ಹಾಗೆಯೇ ಇತ್ತು.

ಯಾರ ಹತ್ತಿರ ಹೋಗುವುದು?

ಉಡುಪಿಯವರು ಮಂಗಳೂರಿಗೆ ಬರುತ್ತಾರೆ. ಮಂಗಳೂರಿನವರು ಮಣಿಪಾಲಕ್ಕೆ ಹೋಗುತ್ತಾರೆ. ಪರಿಚಯದವರು ಕಾಣಬಾರದು ಎಂದು. ಹೆದ್ದಾರಿಯಲ್ಲಿ ಎರಡು ಬಸ್ಸು ಎದುರುಬದುರು ದಾಟುವಾಗ ಎರಡರಲ್ಲೂ ಅಂಥವನೊಬ್ಬ ಇರುತ್ತಾನೆ ಎಂದು ನನಗೆ ಅನಿಸುವುದುಂಟು.

ಮೊದಲ ಆಯ್ಕೆ ನಿಮ್ಮ ಮಾಮೂಲಿ ಡಾಕ್ಟ್ರು, ಅಥವಾ ಎಂ.ಡಿ. ಫಿಸಿಶಿಯನ್. ಬಿಪಿ, ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಸರಾಸರಿ ಶುಗರ್ ಆದ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಬೇಕಿದ್ದರೆ ಇ.ಸಿ.ಜಿ. ಇಷ್ಟಕ್ಕೆ ದೊಡ್ಡ ಆಸ್ಪತ್ರೆ ಬೇಡ. ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲೂ ಆಗುತ್ತದೆ, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ಆಗುತ್ತದೆ. ಆಸೆಯೇ ಕಡಿಮೆ ಇದ್ದರೆ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನೂ ಬರೆಯುತ್ತಾರೆ. ಅದಕ್ಕೆ ರಕ್ತ ಕೊಡಬೇಕಾದದ್ದು ಬೆಳಿಗ್ಗೆ. ಮಧ್ಯಾಹ್ನ ಊಟ ಮಾಡಿ ಹೋಗಿ ಕೊಟ್ಟರೆ ಸಹಜವಾಗಿಯೇ ಕಡಿಮೆ ತೋರಿಸುತ್ತದೆ, ಸುಮ್ನೆ ಗಾಬರಿ.

ಅವರ ಕೈಯಲ್ಲಿ ಆಗದಿದ್ದರೆ ಯುರಾಲಜಿ, ಅಂದರೆ ಮೂತ್ರದ ಮತ್ತು ಗಂಡಸರ ಜನನಾಂಗದ ತೊಂದರೆ ನೋಡುವ ವಿಭಾಗ. ಮಣಿಪಾಲ, ಕಂಕನಾಡಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಉಂಟು. ನಾಚಿಕೆಯವರಿಗೆ ಒಂದು ಸಮಾಧಾನ. ಯುರಾಲಜಿ ಎದುರಿನ ಬೆಂಚಲ್ಲಿ ಕೂತವರೆಲ್ಲ ಕಿಡ್ನಿ ಕಲ್ಲಿನವರು ಎಂದೇ ನಮ್ಮ ಊರಿನ ಜನ ತಿಳಿಯುವುದು. ನಾನು ಕೂತಿದ್ದಾಗ ಪಕ್ಕದ ಹಿರಿಯರೊಬ್ಬರು ಬಾಳೆದಿಂಡಿನ ರಸ ಕುಡಿಯುವ ಕ್ರಮವನ್ನು ಕಾಲು ಗಂಟೆ ವಿವರಿಸಿದರು. ನಾನೂ ತಲೆ ಆಡಿಸಿದೆ.

ಬೆಳಿಗ್ಗೆ ಎಲ್ಲ ಸರಿ ಇದ್ದು ಹೆದರಿಕೆಯದ್ದೇ ಸಮಸ್ಯೆ ಆದರೆ ಸೈಕಿಯಾಟ್ರಿಸ್ಟ್ ಅಥವಾ ಈ ವಿಷಯದಲ್ಲಿ ತರಬೇತಿ ಇರುವ ಕೌನ್ಸೆಲರ್. ಅವರು ಕೊಡುವ ಒಂದು ಹಳೆಯ ಪಾಠ ಹೀಗಿದೆ: ಕೆಲವು ವಾರ ಸಂಭೋಗವೇ ಬೇಡ, ಬರೀ ಮುಟ್ಟಿ ಮಾತಾಡಿಕೊಂಡಿರಿ. "ಆಗಬೇಕು" ಎಂಬ ಪರೀಕ್ಷೆಯೇ ಇಲ್ಲದಿದ್ದಾಗ ಹೆದರಿಕೆಯೂ ಕರಗುತ್ತದೆ. ಕೇಳಲಿಕ್ಕೆ ನಗು ಬರಬಹುದು. ಎಳೆಯ ಪ್ರಾಯದವರಿಗೆ ಮಾತ್ರೆಗಿಂತ ಇದೇ ಒಳ್ಳೆಯದು, ಮತ್ತು ಹೆಂಡತಿ ಜೊತೆಗೆ ಬಂದರೆ ಇನ್ನೂ ಬೇಗ. ಮನಸ್ಸು ತೀರಾ ಕುಗ್ಗಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಂಟು, ಅದಕ್ಕೆ ದುಡ್ಡಿಲ್ಲ.

ಇನ್ನು ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಗೋಡೆಯ ಚೀಟಿಗಳು. "ಗುಪ್ತರೋಗ, ಒಂದೇ ಕೋರ್ಸಿನಲ್ಲಿ ಗ್ಯಾರಂಟಿ." ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಕೂರುವವರು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪ್ರಕಾರ ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಹಾಕುವುದೇ ಅಪರಾಧ. ಅಂದರೆ ಗೋಡೆಯಲ್ಲಿ ಕಂಡರೆ ಅದೇ ಅವರ ಸರ್ಟಿಫಿಕೇಟು. ನನ್ನ ಗಿರಾಕಿಯೊಬ್ಬರು ಅಂಥ ಕಡೆ ಚಿನ್ನ ಅಡವಿಟ್ಟು ದುಡ್ಡು ಕೊಟ್ಟು ಬಂದಿದ್ದರು. ಸಿಕ್ಕಿದ್ದು ಲೇಬಲ್ ಇಲ್ಲದ ಕಪ್ಪು ಗುಳಿಗೆ.

ಮಾತ್ರೆಗಳ ಹೋಲಿಕೆ

ಈಗ ನೀವು ಕಾಯುತ್ತಿದ್ದ ವಿಷಯ. ಭಾರತದಲ್ಲಿ ಹೆಚ್ಚಾಗಿ ಸಿಗುವುದು ಎರಡು, ಸಿಲ್ಡೆನಾಫಿಲ್ ಮತ್ತು ಟಡಾಲಾಫಿಲ್. ವಯಾಗ್ರಾ, ಸುಹಾಗ್ರಾ, ಪೆನೆಗ್ರಾ ಎಲ್ಲ ಮೊದಲನೆಯದರ ಹೆಸರು. ಮೆಗಾಲಿಸ್, ಟಡಾಸಿಪ್ ಎರಡನೆಯದರದ್ದು. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದ ಹೆಸರು ಬಿಟ್ಟು ಸಣ್ಣ ಅಕ್ಷರದ್ದನ್ನು ಓದಿ. ಒಳಗಿನ ಔಷಧ ಒಂದೇ ಆದರೆ ಅಗ್ಗದ ಜೆನೆರಿಕ್ ಸಾಕು.

ಸಿಲ್ಡೆನಾಫಿಲ್ ಹುಟ್ಟಿದ್ದು ಎದೆನೋವಿಗೆಂದು. ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡುವಾಗ ಎದೆನೋವಿಗೆ ಅಷ್ಟಕ್ಕಷ್ಟೆ, ಆದರೆ ಬೇರೆ ಕಡೆ ಪರಿಣಾಮ ಕಂಡಿತು. 1998ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಅದೇ ವರ್ಷ ನೈಟ್ರಿಕ್ ಆಕ್ಸೈಡ್ ಬಗ್ಗೆ ಕೆಲಸ ಮಾಡಿದ ಮೂವರಿಗೆ ನೊಬೆಲ್ ಬಂತು. ಎರಡೂ ಮಾತ್ರೆ ಕೆಲಸ ಮಾಡುವ ರೀತಿ ಒಂದೇ. ರಕ್ತನಾಳವನ್ನು ಸಡಿಲವಾಗಿ ಇಡುವ ರಾಸಾಯನಿಕವನ್ನು ಒಡೆದುಹಾಕುವ ಒಂದು ಕಿಣ್ವ ಉಂಟು, ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ. ಸ್ವಿಚ್ ಹಾಕುವುದು ಮಾತ್ರೆಯಲ್ಲ, ನೀವೇ. ಆಸೆ ಇಲ್ಲದೆ ಮಾತ್ರೆ ನುಂಗಿ ಟಿವಿ ನೋಡುತ್ತಾ ಕೂತರೆ ಏನೂ ಆಗುವುದಿಲ್ಲ.

ವ್ಯತ್ಯಾಸ ಇರುವುದು ಸಮಯದಲ್ಲಿ. ಸಿಲ್ಡೆನಾಫಿಲನ್ನು ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ಪರಿಣಾಮ ನಾಲ್ಕು ಗಂಟೆಯಷ್ಟು. ಇದಕ್ಕೆ ಎಣ್ಣೆ-ತುಪ್ಪದ ಊಟ ಆಗಿಬರುವುದಿಲ್ಲ. ಶನಿವಾರ ರಾತ್ರಿ ಹೋಟೆಲಿನಲ್ಲಿ ನೀರ್ ದೋಸೆ, ಚಿಕನ್ ಘೀ ರೋಸ್ಟ್ ಹೊಡೆದು ಮನೆಗೆ ಬಂದು ಮಾತ್ರೆ ನುಂಗಿ, "ನಿಮ್ಮ ಮಾತ್ರೆ ಡೂಪ್ಲಿಕೇಟ್" ಎಂದು ಸೋಮವಾರ ನನ್ನ ಮೇಲೆ ಬಂದವರಿದ್ದಾರೆ. ಡೂಪ್ಲಿಕೇಟ್ ಅಲ್ಲ, ತುಪ್ಪದ ಊಟ ಅದನ್ನು ತಡ ಮಾಡಿತು, ಅಷ್ಟೆ. ಗಂಜಿ ಚಟ್ನಿ ತಿಂದ ದಿನ ಅದೇ ಮಾತ್ರೆ ಕೆಲಸ ಮಾಡುತ್ತದೆ.

ಟಡಾಲಾಫಿಲ್‌ಗೆ ಊಟದ ಹಂಗಿಲ್ಲ. ಪರಿಣಾಮ 36 ಗಂಟೆಯವರೆಗೂ ಇರುತ್ತದೆ. ಇದನ್ನು ಕೇಳಿ "ಅಯ್ಯೋ, ನಾಳೆ ಆಫೀಸಿಗೆ ಹೋಗುವುದು ಹೇಗೆ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. 36 ಗಂಟೆ ನಿಮಿರಿಕೊಂಡೇ ಇರುವುದಿಲ್ಲ. ಆ ಅವಧಿಯಲ್ಲಿ ಆಸೆ ಬಂದಾಗ ಸಹಾಯ ಮಾಡುತ್ತದೆ, ಅಷ್ಟೆ. ಗಡಿಯಾರ ನೋಡಿ ಪ್ರೀತಿ ಮಾಡುವುದು ಇಷ್ಟವಿಲ್ಲದವರಿಗೆ ಇದೇ ಒಳ್ಳೆಯದು. ದಿನಕ್ಕೊಂದು 5 ಮಿ.ಗ್ರಾಂ. ನುಂಗುವ ಕ್ರಮವೂ ಉಂಟು. ಪ್ರಾಸ್ಟೇಟ್ ದೊಡ್ಡದಾಗಿ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ಈ ದಿನದ ಮಾತ್ರೆ ಎರಡಕ್ಕೂ ಆಗುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಸೇರುವವರಿಗೂ ಅದೇ ಸಲೀಸು. ತಿಂಗಳಿಗೆ ಒಂದೆರಡು ಸಲ ಎನ್ನುವವರು ದಿನಾ ನುಂಗುವುದು ಯಾಕೆ? ಅವರಿಗೆ ಬೇಕಾದಾಗ ಮಾತ್ರ ತೆಗೆದುಕೊಳ್ಳುವ ಮಾತ್ರೆ ಸಾಕು.

ವಾರ್ಡೆನಾಫಿಲ್ ಹೆಚ್ಚುಕಡಿಮೆ ಸಿಲ್ಡೆನಾಫಿಲ್‌ನ ತಮ್ಮ. ಅವನಾಫಿಲ್ ಕಾಲು-ಅರ್ಧ ಗಂಟೆಯಲ್ಲೇ ಕೆಲಸ ಶುರುಮಾಡುತ್ತದೆ.

ಅಡ್ಡ ಪರಿಣಾಮ ಎಲ್ಲದರಲ್ಲೂ ಇವೆ: ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆ ಉರಿ. ಸಿಲ್ಡೆನಾಫಿಲ್‌ನಲ್ಲಿ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲವೂ ನೀಲಿ ನೀಲಿಯಾಗಿ ಕಾಣುತ್ತದೆ. ಟಡಾಲಾಫಿಲ್‌ನಲ್ಲಿ ಬೆನ್ನು, ತೊಡೆಯ ನೋವು. ಹೆಚ್ಚಿನವು ತಾನೇ ಹೋಗುತ್ತವೆ. ಹೋಗದಿದ್ದರೆ ಒಂದರಿಂದ ಇನ್ನೊಂದಕ್ಕೆ ಬದಲಿಸಬಹುದು. ಕಣ್ಣು ದಿಢೀರ್ ಮಂಜಾದರೆ, ಅಥವಾ ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. ಆ ಕ್ಷಣವೇ ಕ್ಯಾಷುಯಲ್ಟಿ.

ಒಮ್ಮೆ ನುಂಗಿ ಆಗಲಿಲ್ಲ ಎಂದು ಕೈಬಿಡುವವರೇ ಜಾಸ್ತಿ. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ, ಆರೆಂಟು ಸಲ ನೋಡಿದ ಮೇಲೆ ಮಾತ್ರ "ಈ ಮಾತ್ರೆ ನನಗಾಗುವುದಿಲ್ಲ" ಎನ್ನಬೇಕು. ಹಾಗೆಂದು ಒಂದೇ ದಿನ ಎರಡು ನುಂಗುವುದಲ್ಲ. ದಿನಕ್ಕೆ ಒಂದೇ ಸಲ.

ಇದೊಂದು ಪ್ಯಾರಾ ಬಿಡದೆ ಓದಿ

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್, ಐಸೋಸಾರ್ಬೈಡ್, ನೈಟ್ರೋಗ್ಲಿಸರಿನ್ ಮಾತ್ರೆ ಅಥವಾ ಸ್ಪ್ರೇ, ನಿಕೋರಾಂಡಿಲ್. ಇವುಗಳಲ್ಲಿ ಯಾವುದನ್ನಾದರೂ ಬಳಸುವವರು ಮೇಲೆ ಹೇಳಿದ ಯಾವ ಮಾತ್ರೆಯನ್ನೂ ಮುಟ್ಟಬಾರದು. ಎರಡೂ ರಕ್ತನಾಳ ಅಗಲ ಮಾಡುವವು. ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಇದರ ಇನ್ನೊಂದು ಮುಖ ಜನರಿಗೆ ಗೊತ್ತಿಲ್ಲ. ನೀವು ಈ ಮಾತ್ರೆ ನುಂಗಿದ್ದೀರಿ, ರಾತ್ರಿ ಎದೆ ನೋಯಿತು, ಆಸ್ಪತ್ರೆಗೆ ಹೋದಿರಿ. ಅಲ್ಲಿ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವುದು ಸಾಮಾನ್ಯ ಕ್ರಮ. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವವರೆಗೆ ಅದನ್ನು ಕೊಡುವಂತಿಲ್ಲ. ಮಗ, ಅಳಿಯ, ಅಕ್ಕಪಕ್ಕದವರು ಸುತ್ತ ನಿಂತಿದ್ದರೂ ಡಾಕ್ಟ್ರಿಗೆ ಹೇಳಲೇಬೇಕು. ಹೆಂಡತಿಗೆ ಗೊತ್ತಿರಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಿಮಗೆ ಮಾತಾಡಲು ಆಗದಿದ್ದರೆ ಅವರು ಹೇಳುತ್ತಾರಲ್ವಾ?

ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ ನುಂಗುವವರು, ಲಿವರ್-ಕಿಡ್ನಿ ತೊಂದರೆ ಇರುವವರು ಕೂಡ ಡಾಕ್ಟ್ರನ್ನು ಕೇಳಿಯೇ ಶುರುಮಾಡಬೇಕು, ಕಡಿಮೆ ಪ್ರಮಾಣದಿಂದ. ಹೃದಯದ ತೊಂದರೆ ಇದ್ದವರು ಸೇರಬಹುದೇ ಎನ್ನುವುದಕ್ಕೆ ಡಾಕ್ಟ್ರು ಹೇಳುವ ಒಂದು ಅಂದಾಜು ಉಂಟು. ಎರಡು ಮಹಡಿ ಮೆಟ್ಟಿಲನ್ನು ಚುರುಕಾಗಿ ಹತ್ತಿದರೂ ಎದೆನೋವು, ಉಬ್ಬಸ ಬಾರದಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಕೊನೆಯ ಮಾತು ಅವರದ್ದೇ. ಇವೆಲ್ಲ ಡಾಕ್ಟ್ರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಮಾತ್ರೆಗಳು. ಚೀಟಿ ಇಲ್ಲದೆಯೂ ಸಿಗುತ್ತದೆ ಎಂದು ನೀವು ಹೇಳುವಿರಿ, ಗೊತ್ತು. ಹಾಗೆ ಕೊಡುವ ಅಂಗಡಿಯವ ನಿಮ್ಮ ಹತ್ತಿರ ಸಾರ್ಬಿಟ್ರೇಟ್ ಬಗ್ಗೆ ಕೇಳಿದ್ದನೇ?

ನಡೆಯುವುದು, ಬಿಡುವುದು

ಮಾತ್ರೆ ಬೇಕೋ ನಡಿಗೆ ಬೇಕೋ ಎಂದು ಕೇಳಿದರೆ, ಎರಡೂ. ಮಾತ್ರೆ ಆ ರಾತ್ರಿಗೆ. ನಡಿಗೆ ಪೈಪಿಗೆ. ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಬಂದ ಒಂದು ವಿಮರ್ಶೆ ಹೇಳುವುದು ಹೀಗೆ: ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ, ಬೆವರು ಬರುವ ಹಾಗೆ, ಆರು ತಿಂಗಳು. ಕದ್ರಿ ಪಾರ್ಕಿನಲ್ಲಿ ಫೋನಲ್ಲಿ ಮಾತಾಡುತ್ತಾ ಎರಡು ಸುತ್ತು ಹಾಕುವುದು ಲೆಕ್ಕಕ್ಕಿಲ್ಲ. ಪಣಂಬೂರು ಅಥವಾ ಮಲ್ಪೆಯ ಮರಳಿನಲ್ಲಿ ಬೀಸುಕಾಲು ಹಾಕಿದರೆ ಬೆವರು ತಾನೇ ಬರುತ್ತದೆ. ಇಟಲಿಯಲ್ಲಿ ಬೊಜ್ಜಿದ್ದ ಗಂಡಸರಿಗೆ ಎರಡು ವರ್ಷ ಊಟ-ವ್ಯಾಯಾಮ ತಿದ್ದಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆ ಇಲ್ಲದೆಯೇ ಸರಿಯಾಗಿತ್ತು.

ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಊರು ನಮ್ಮದು, ಬೀಡಿಯನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ. ಆದರೆ ಹೊಗೆ ಸಪೂರ ಪೈಪಿನ ಶತ್ರು. ಕುಡಿತ ಎರಡು ಪೆಗ್ ದಾಟಿದರೆ ಧೈರ್ಯ ಬರುತ್ತದೆ, ಉಳಿದದ್ದು ಬರುವುದಿಲ್ಲ.

ಇನ್ನೊಂದು ಸುಲಭದ ವ್ಯಾಯಾಮ ಉಂಟು. ಮೂತ್ರವನ್ನು ನಡುವೆ ತಡೆಯುವ ಸ್ನಾಯು ಇದೆಯಲ್ಲ, ಅದನ್ನು ಬಿಗಿ ಹಿಡಿದು ಬಿಡುವುದು. ಬಸ್ಸಿನಲ್ಲಿ ಕೂತೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳಾದರೂ ಬಿಡದೆ ಮಾಡಬೇಕು.

ಆಯುರ್ವೇದ, ಹಾರ್ಮೋನು, ಹೊಸ ಮಿಷನ್ನು

ಉಡುಪಿಯ ಕುತ್ಪಾಡಿಯಲ್ಲಿ ಹೆಸರಾಂತ ಆಯುರ್ವೇದ ಕಾಲೇಜು, ಆಸ್ಪತ್ರೆ ಇರುವ ಕರಾವಳಿ ನಮ್ಮದು. ಹಾಗಾಗಿ "ಆಯುರ್ವೇದದಲ್ಲಿ ಇಲ್ಲವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವಾಜೀಕರಣ ಎಂಬ ಒಂದು ಶಾಖೆಯೇ ಅದರಲ್ಲಿದೆ. ಓದಿದ ವೈದ್ಯರು ಊಟ, ನಿದ್ದೆ, ತೂಕ ಎಲ್ಲ ನೋಡಿ ಹೇಳುವುದರಲ್ಲಿ ಒಳ್ಳೆಯದೇ ಉಂಟು. ಆದರೆ ಒಂದೇ ಬೇರಿನ ಮೇಲೆ ಭರವಸೆ ಇಡಬೇಡಿ. ಮನಸ್ಸಿನ ಕಾರಣದ ತೊಂದರೆಗೆ ಅಶ್ವಗಂಧ ಕೊಟ್ಟು ಜಾಮ್‌ನಗರದ ಆಯುರ್ವೇದ ಸಂಸ್ಥೆಯವರೇ ಪರೀಕ್ಷೆ ಮಾಡಿದ್ದಾರೆ. 2011ರಲ್ಲಿ ಬಂದ ಫಲಿತಾಂಶದಲ್ಲಿ ಅಶ್ವಗಂಧಕ್ಕೂ ಔಷಧವೇ ಇಲ್ಲದ ಖಾಲಿ ಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ.

ನನಗೆ ಹೆದರಿಕೆ ಅಶ್ವಗಂಧದ್ದಲ್ಲ. ಆನ್‌ಲೈನಿನಲ್ಲಿ "ನೂರಕ್ಕೆ ನೂರು ಹರ್ಬಲ್" ಎಂದು ಬರುವ ಕ್ಯಾಪ್ಸೂಲಿನದ್ದು. ಒಂದು ಗಂಟೆಯಲ್ಲೇ ಕೆಲಸ ಮಾಡುವ ಬೇರು ನನಗಂತೂ ಗೊತ್ತಿಲ್ಲ. ಅಮೆರಿಕದ ಔಷಧ ಇಲಾಖೆ ಇಂಥ ಎಷ್ಟೋ ಹರ್ಬಲ್ ಕ್ಯಾಪ್ಸೂಲುಗಳಲ್ಲಿ ಗುಟ್ಟಾಗಿ ಬೆರೆಸಿದ ಸಿಲ್ಡೆನಾಫಿಲ್ ಪತ್ತೆ ಮಾಡಿದೆ. ಸಾರ್ಬಿಟ್ರೇಟ್ ನುಂಗುವ ಹಿರಿಯರು "ಇದು ಬರೀ ಸೊಪ್ಪು" ಎಂದು ಅದನ್ನು ನುಂಗಿದರೆ ಏನಾಗುತ್ತದೆ ಎಂದು ಮತ್ತೆ ಹೇಳಬೇಕಾಗಿಲ್ಲ.

ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಜೆಲ್ ಎಲ್ಲರಿಗೂ ಅಲ್ಲ. ಎರಡು ಬೇರೆ ಬೇರೆ ದಿನ ಬೆಳಿಗ್ಗೆಯ ಪರೀಕ್ಷೆಯಲ್ಲಿ ಕಡಿಮೆ ಇದ್ದು, ಆಸೆಯೂ ಕುಗ್ಗಿದ್ದರೆ ಮಾತ್ರ. ಮಕ್ಕಳಾಗಬೇಕು ಎಂದಿರುವವರು ಇದನ್ನು ತೆಗೆದುಕೊಂಡರೆ ವೀರ್ಯಾಣು ಹುಟ್ಟುವುದೇ ಕಡಿಮೆಯಾಗುತ್ತದೆ. ಜಿಮ್ಮಿನ ಹುಡುಗರಿಗೆ ಇದು ಗೊತ್ತಿಲ್ಲ.

ಶಾಕ್‌ವೇವ್ ಮಿಷನ್ನು, ರಕ್ತದಿಂದ ತೆಗೆದ ಪಿ.ಆರ್.ಪಿ. ಚುಚ್ಚುವುದು, ಇವೆರಡೂ ಇನ್ನೂ ಪರೀಕ್ಷೆಯ ಹಂತದಲ್ಲೇ ಇವೆ. ಪ್ಯಾಕೇಜ್ ಹೇಳಿ ದುಡ್ಡು ಮೊದಲೇ ಕೇಳಿದರೆ ನಾನಾದರೆ ಎದ್ದು ಬರುತ್ತೇನೆ.

ಮಾತ್ರೆ ಸೋತ ಮೇಲೆ

ಶುಗರ್ ತುಂಬಾ ಹಳೆಯದಾದವರಿಗೆ, ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದವರಿಗೆ ಮಾತ್ರೆ ಕೆಲವೊಮ್ಮೆ ಸಾಕಾಗುವುದಿಲ್ಲ. ಸಾರ್ಬಿಟ್ರೇಟಿನವರಿಗೆ ಮಾತ್ರೆ ಕೊಡುವಂತೆಯೇ ಇಲ್ಲ. ಅಂಥವರಿಗೆ ದಾರಿ ಮುಗಿಯಿತು ಎಂದಲ್ಲ.

ವ್ಯಾಕ್ಯೂಮ್ ಪಂಪು ಒಂದು ಕೊಳವೆ. ಅದರ ಒಳಗಿನ ಗಾಳಿ ತೆಗೆದಾಗ ರಕ್ತ ತುಂಬುತ್ತದೆ, ಬುಡಕ್ಕೆ ರಬ್ಬರ್ ಉಂಗುರ ಹಾಕಿ ನಿಲ್ಲಿಸುವುದು. ಉಂಗುರ 30 ನಿಮಿಷಕ್ಕಿಂತ ಜಾಸ್ತಿ ಇರಬಾರದು. ಔಷಧ ಇಲ್ಲ, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಆದರೆ ಸ್ವಲ್ಪ ತಣ್ಣಗೆ, ನೀಲಿಯಾಗಿ ಕಾಣುತ್ತದೆ, ಮತ್ತು ಹೆಂಡತಿಗೆ ಗೊತ್ತಿಲ್ಲದೆ ಬಳಸುವುದು ಸಾಧ್ಯವಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಕೇಳಿಯೇ ಬಳಸಬೇಕು. ಎದೆನೋವಿನ ಮಾತ್ರೆಯಲ್ಲಿರುವ, ನಲವತ್ತು ವರ್ಷದ ಸಂಸಾರ ಇರುವ ದಂಪತಿಗೆ ನಾನು ಇದನ್ನೇ ಮೊದಲು ಹೇಳುವುದು.

ಇಂಜೆಕ್ಷನ್ ಕೇಳಿದೊಡನೆ ಎಲ್ಲರೂ ಕಾಲು ಕೂಡಿಸಿಕೊಳ್ಳುತ್ತಾರೆ. ಇನ್ಸುಲಿನ್‌ನಂಥ ಸಪೂರ ಸೂಜಿ, ಬದಿಗೆ ಚುಚ್ಚುವುದು. ಆಲ್‌ಪ್ರೊಸ್ಟಾಡಿಲ್ ಅಥವಾ ಪಾಪಾವೆರಿನ್‌ನ ಮಿಶ್ರಣ. ಹತ್ತು-ಹದಿನೈದು ನಿಮಿಷದಲ್ಲಿ ಕೆಲಸ, ಮಾತ್ರೆ ಸೋತವರಲ್ಲೂ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಮೊದಲ ಸಲ ಡಾಕ್ಟ್ರ ಎದುರೇ ಹಾಕಿಸಿಕೊಂಡು ಪ್ರಮಾಣ ಗೊತ್ತುಮಾಡಬೇಕು. ನಾಲ್ಕು ಗಂಟೆಯ ನಿಯಮ ಇಲ್ಲಿ ಮಾತ್ರೆಗಿಂತಲೂ ಮುಖ್ಯ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸೂಜಿಯ ಹೆದರಿಕೆ ಕಡಿಮೆ, ಅವರು ಇದಕ್ಕೆ ಬೇಗ ಒಗ್ಗುತ್ತಾರೆ.

ಕೊನೆಯದು ಇಂಪ್ಲಾಂಟ್, ಅಂದರೆ ಆಪರೇಷನ್. ಎರಡು ಬಗೆ. ಬಾಗಿಸುವ ಕಡ್ಡಿಯದ್ದು ಯಾವಾಗಲೂ ಗಟ್ಟಿಯೇ ಇರುತ್ತದೆ, ಬೇಕಾದಾಗ ಮೇಲಕ್ಕೆ, ಬೇಡವಾದಾಗ ಕೆಳಕ್ಕೆ. ಮುಂಬೈಯ ಡಾ. ರೂಪಿನ್ ಶಾ ರೂಪಿಸಿದ, ಭಾರತದಲ್ಲೇ ತಯಾರಾಗುವ ಇಂಪ್ಲಾಂಟ್ ಈ ಬಗೆಯದ್ದು. ಕೆಡಲಿಕ್ಕೆ ಯಂತ್ರವೇ ಇಲ್ಲ. ಇನ್ನೊಂದು ಗಾಳಿಚೀಲದ ಹಾಗೆ ಉಬ್ಬಿಸುವಂಥದ್ದು, ಆದರೆ ಒಳಗೆ ಉಪ್ಪುನೀರು. ವೃಷಣದ ಚೀಲದೊಳಗೆ ಸಣ್ಣ ಪಂಪು ಇರುತ್ತದೆ. ನೋಡಲು, ಅನುಭವಕ್ಕೆ ಸಹಜ. ಖರ್ಚು ಮಾತ್ರ ಲಕ್ಷಗಳ ಲೆಕ್ಕ, ಮತ್ತು ಯಂತ್ರ ಎಂದ ಮೇಲೆ ವರ್ಷಗಳು ಕಳೆದಂತೆ ಕೆಡಲೂಬಹುದು. ಎರಡರಲ್ಲೂ ಸ್ಪರ್ಶದ ಸುಖ ಉಳಿಯುತ್ತದೆ. ಆದರೆ ಒಮ್ಮೆ ಹಾಕಿಸಿದರೆ ಹಿಂದೆ ಬರುವ ದಾರಿ ಇಲ್ಲ, ಸಹಜ ನಿಮಿರುವಿಕೆ ಮತ್ತೆ ಬರುವುದಿಲ್ಲ. ಶುಗರ್ ಹಿಡಿತಕ್ಕೆ ಬಾರದೆ ಹಾಕಿಸಿದರೆ ಕೀವಾಗುವ ಅಪಾಯ ಜಾಸ್ತಿ. ಉಳಿದದ್ದೆಲ್ಲ ಸೋತ ಮೇಲೆ ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ತೃಪ್ತಿ ಇರುತ್ತದೆ. ಅವಸರದಲ್ಲಿ ಇಲ್ಲಿಂದಲೇ ಶುರುಮಾಡುವುದು ಬೇಡ, ಅಷ್ಟೆ.

ನನ್ನ ಕಥೆ ಕೇಳಿದರೆ, ಡಾಕ್ಟ್ರು ಬರೆದದ್ದು ಶುಗರ್ ಮಾತ್ರೆ, ದಿನಕ್ಕೊಂದು ಟಡಾಲಾಫಿಲ್ 5, ಮತ್ತು ನಡಿಗೆ. ಎಂಟು ತಿಂಗಳ ಮೇಲೆ ದಿನದ ಮಾತ್ರೆ ನಿಲ್ಲಿಸಿ, ಬೇಕಾದಾಗ ಮಾತ್ರ ಎಂದು ಬದಲಿಸಿದರು. ಶುಗರ್ ಮಾತ್ರೆ ಈಗಲೂ ಉಂಟು.

ಡಾಕ್ಟ್ರ ಹತ್ತಿರ ಹೋಗುವಾಗ ಈಗ ನುಂಗುವ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಮಾತ್ರೆ, ಸಣ್ಣದು" ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಅಂಗಡಿಗೆ ಬಂದಾಗ ಟೂತ್‌ಪೇಸ್ಟ್ ಕೊಳ್ಳುವ ಅಗತ್ಯವಿಲ್ಲ. ಚೀಟಿಯನ್ನು ಮಡಚಿ ಕೈಗೆ ಕೊಡಿ, ಅಥವಾ ಫೋನಿನಲ್ಲಿ ತೋರಿಸಿ. ನಾವು ಮನಸ್ಸಿನಲ್ಲೇ ಓದಿಕೊಂಡು, ಕಾಗದದ ಕವರಿನಲ್ಲಿ ಹಾಕಿ ಕೊಡುತ್ತೇವೆ.